ಲಂಡನ್ನಿನದಾ, ನಾಸಿಕ್‌ನದಾ?

ಐದನೇ ಜಾರ್ಜ್ ದೊರೆಯ ಕಂದು ಬಣ್ಣದ ಒಂದಾಣೆ ಅಂಚೆಚೀಟಿ ನನ್ನ ಡಬ್ಬಿಯಲ್ಲಿ ರಾಶಿ ಬಿದ್ದಿದೆ. ನೋಡಲು ಎಲ್ಲ ಒಂದೇ, ಅಲ್ವಾ? ಎಲ್ಲಿ ಮುದ್ರಣವಾಯ್ತು ಅಂತ ತಿಳಿಯಲು ಮುಖ ಬಿಡಿ, ಬೆನ್ನು ನೋಡಿ.

ಚೀಟಿಯನ್ನು ಕಪ್ಪು ತಟ್ಟೆಯಲ್ಲಿ ಬೋರಲಾಗಿಟ್ಟು ಲೈಟರ್ ಪೆಟ್ರೋಲ್ ಎರಡು ಹನಿ ಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಕಾಗದದೊಳಗಿನ ಗುರುತು, ಅಂದರೆ ವಾಟರ್‌ಮಾರ್ಕ್, ಕಪ್ಪಗೆ ಕಾಣುತ್ತದೆ. ದೊಡ್ಡದೊಂದೇ ನಕ್ಷತ್ರವಿದ್ದರೆ ಲಂಡನ್ನಿನ ಡೆ ಲಾ ರೂ ಕಂಪನಿಯ ಮುದ್ರಣ. ಸಣ್ಣ ನಕ್ಷತ್ರಗಳು ತುಂಬಿದ್ದರೆ 1926ರಿಂದ ಬಂದ ನಾಸಿಕ್ ಮುದ್ರಣ. ಕೆಲವೊಮ್ಮೆ ಮುದ್ರಿಸುವಾಗ ಕಾಗದ ಸರಿದು ದೊಡ್ಡ ನಕ್ಷತ್ರದ ತುಂಡುಗಳು ಎರಡು ಅಂಚಲ್ಲೂ ಇಣುಕುತ್ತವೆ. ಆಗ ಎಣಿಸಬೇಡಿ, ಗಾತ್ರ ನೋಡಿ.

ಅಂಚೆ ಮುದ್ರೆಯಲ್ಲಿ 1924 ಅಂತಿದ್ದರೆ ಪೆಟ್ರೋಲೇ ಬೇಡ, ಅದು ಲಂಡನ್ನಿನದೇ. 1928 ಅಂತಿದ್ದರೆ ಮಾತ್ರ ಸುಮ್ನೆ ನಾಸಿಕ್ ಅನ್ನಬೇಡಿ. ಹಳೇ ದಾಸ್ತಾನು ಆಮೇಲೂ ಬಳಕೆಯಾಗಿರಬಹುದು. ಅರ್ಧಾಣೆ ಹಸಿರಿಗೂ ಇದೇ ಪರೀಕ್ಷೆ.