ಎರಡು ಮಿಲಿಮೀಟರ್ ಬಿರುಕು: ಮೂಳೆ ಶಸ್ತ್ರಚಿಕಿತ್ಸೆಯ ಮೂಲವಿಜ್ಞಾನವನ್ನು ನಾನು ಕಲಿತ ಬಗೆ

ಸ್ನಾತಕೋತ್ತರ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಮೂಳೆಯ ರಚನೆ, ಲೋಹಗಳ ಗುಣ, ಮುರಿತ ಕೂಡುವ ಹಂತಗಳು ಇವೆಲ್ಲ ನನಗೆ ಬಾಯಿಪಾಠದ ವಿಷಯಗಳಾಗಿದ್ದವು. ಪ್ರಶ್ನೆ ಬಂದರೆ ಚಿತ್ರ ಬರೆದು ಉತ್ತರಿಸುತ್ತಿದ್ದೆನೇ ಹೊರತು, ಆಪರೇಷನ್ ಥಿಯೇಟರಿನಲ್ಲಿ ಡ್ರಿಲ್ ಕೈಗೆತ್ತಿಕೊಂಡಾಗ ಆ ಅಧ್ಯಾಯಗಳ ಒಂದು ಸಾಲೂ ನೆನಪಿಗೆ ಬರುತ್ತಿರಲಿಲ್ಲ. ಅಲ್ಲಿ ನನ್ನನ್ನು ನಡೆಸುತ್ತಿದ್ದುದು ಹಿರಿಯರನ್ನು ನೋಡಿ ಕಲಿತ ರೂಢಿ ಮಾತ್ರ. ಸ್ವತಂತ್ರವಾಗಿ ಶಸ್ತ್ರಚಿಕಿತ್ಸೆ ಮಾಡಲಾರಂಭಿಸಿದ ಎರಡನೆಯ ವರ್ಷದಲ್ಲಿ ನೋಡಿದ ಒಂದು ಎಕ್ಸ್‌ರೇ ನನ್ನನ್ನು ಆ ಅಧ್ಯಾಯಗಳತ್ತ ಮರಳಿ ಕಳಿಸಿತು. ತೊಡೆಮೂಳೆಗೆ ನಾನೇ ಕೂರಿಸಿದ್ದ ಪ್ಲೇಟು ಅದರಲ್ಲಿ ಎರಡು ತುಂಡಾಗಿ ಕಾಣುತ್ತಿತ್ತು.

ಮುರಿತ ಸರಳವಾದದ್ದೇ ಆಗಿತ್ತು. ತೊಡೆಮೂಳೆಯ ನಡುಭಾಗದಲ್ಲಿ ಓರೆಯಾಗಿ ಒಂದೇ ಒಂದು ಗೆರೆ, ಪುಡಿಯಾದ ಚೂರುಗಳಿರಲಿಲ್ಲ. ಮೂಳೆಯ ರಕ್ತಪೂರೈಕೆಗೆ ಧಕ್ಕೆಯಾಗದಿರಲೆಂದು ಎರಡು ಚಿಕ್ಕ ಗಾಯಗಳ ಮೂಲಕ ಉದ್ದನೆಯ ಲಾಕಿಂಗ್ ಪ್ಲೇಟನ್ನು (ಸ್ಕ್ರೂಗಳ ತಲೆ ಪ್ಲೇಟಿನಲ್ಲೇ ಬಿಗಿದುಕೊಳ್ಳುವ ಬಗೆಯದು) ಸ್ನಾಯುವಿನ ಅಡಿಯಲ್ಲಿ ತೂರಿಸಿ, ಮೇಲೆ ಮೂರು, ಕೆಳಗೆ ಮೂರು ಸ್ಕ್ರೂಗಳನ್ನು ಹಾಕಿ, ಮುರಿತದ ಎದುರಿನ ಮೂರು ರಂಧ್ರಗಳನ್ನು ಖಾಲಿ ಬಿಟ್ಟಿದ್ದೆ. ಮೂಳೆಯ ಎರಡು ತುದಿಗಳ ನಡುವೆ ಸುಮಾರು 2 ಮಿಲಿಮೀಟರ್ ಬಿರುಕು ಉಳಿದಿತ್ತು. ಮುರಿತದ ಜಾಗವನ್ನು ತೆರೆಯದೆಯೇ ಕೆಲಸ ಮುಗಿಸಿದ ಸಂತೋಷದಲ್ಲಿ ಆ ಬಿರುಕು ನನಗೆ ದೊಡ್ಡದಾಗಿ ಕಾಣಲಿಲ್ಲ. ಮೂರನೆಯ ತಿಂಗಳಲ್ಲಿ ಕಾಲೂರಿದರೆ ಸ್ವಲ್ಪ ನೋವಿದೆಯೆಂದು ರೋಗಿ ಹೇಳಿದರು. ಇನ್ನಷ್ಟು ಸಮಯ ಬೇಕೆಂದು ನಾನು ಸಮಾಧಾನ ಹೇಳಿದೆ. ಏಳನೆಯ ತಿಂಗಳಲ್ಲಿ, ಬೀಳದೆ, ಜಾರದೆ, ಕುರ್ಚಿಯಿಂದ ಏಳುವಾಗಲೇ ಪ್ಲೇಟು ಖಾಲಿ ರಂಧ್ರವೊಂದರ ಬಳಿ ಮುರಿಯಿತು.

ಲೋಹವೇ ಕಳಪೆಯೆಂಬುದು ನನ್ನ ಮೊದಲ ತೀರ್ಮಾನ. ಎಕ್ಸ್‌ರೇ ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು ಲೋಹದ ಮಾತನ್ನೇ ಎತ್ತದೆ, "ಬಿರುಕು ಎಷ್ಟು ಬಿಟ್ಟಿದ್ದಿರಿ, ಅದು ಎಷ್ಟು ಅಲುಗುತ್ತಿತ್ತು?" ಎಂದಷ್ಟೇ ಕೇಳಿದರು. ಈ ಎರಡು ಸಂಖ್ಯೆಗಳ ಭಾಗಲಬ್ಧಕ್ಕೇ ಸ್ಟ್ರೇನ್ ಎಂದು ಹೆಸರು. ಅಲುಗಾಟವನ್ನು ಬಿರುಕಿನ ಅಗಲದಿಂದ ಭಾಗಿಸಿದರೆ ಬರುವ ಶೇಕಡಾವಾರು ಪ್ರಮಾಣವು ಅಲ್ಲಿ ಯಾವ ಅಂಗಾಂಶ ಬೆಳೆಯಬಲ್ಲದು ಎಂಬುದನ್ನು ನಿರ್ಧರಿಸುತ್ತದೆಂದು ಸ್ವಿಟ್ಜರ್‌ಲೆಂಡಿನ ಸಂಶೋಧಕ ಸ್ಟೀಫನ್ ಪೆರೆನ್ 1970ರ ದಶಕದಲ್ಲಿ ವಿವರಿಸಿದ್ದರು. ಮುರಿತದ ಜಾಗದಲ್ಲಿ ಮೊದಲು ಹುಟ್ಟುವ ಮೃದು ಅಂಗಾಂಶವು ತನ್ನ ಉದ್ದದ ಶೇ. 100ರಷ್ಟು ಹಿಗ್ಗಿದರೂ ಹರಿಯದು. ಮೃದ್ವಸ್ಥಿ ಸುಮಾರು ಶೇ. 10ರವರೆಗೆ ತಡೆಯುತ್ತದೆ, ಬಲಿತ ಮೂಳೆಯಾದರೋ ಶೇ. 2ರ ಆಸುಪಾಸಿನಲ್ಲೇ ಒಡೆಯುತ್ತದೆ. ತಾನು ತಾಳಲಾರದಷ್ಟು ಎಳೆತವಿರುವ ಜಾಗದಲ್ಲಿ ಯಾವ ಅಂಗಾಂಶವೂ ಹುಟ್ಟಲಾರದು.

ಅಂದು ಸಂಜೆ ಕುಳಿತು ಲೆಕ್ಕ ಹಾಕಿದೆ. ನಡೆಯುವಾಗ ನನ್ನ ಆ ಬಿರುಕು 0.4 ಮಿಲಿಮೀಟರ್‌ನಷ್ಟು ಮಾತ್ರ ಅಲುಗಿತ್ತೆಂದು ಭಾವಿಸಿದರೂ ಸ್ಟ್ರೇನ್ ಶೇ. 20 ಆಗುತ್ತದೆ, ಮೂಳೆ ಹಾಗಿರಲಿ, ಮೃದ್ವಸ್ಥಿಯೂ ಅಲ್ಲಿ ಬದುಕದು. ಇದೇ 0.4 ಮಿಲಿಮೀಟರ್ ಅಲುಗಾಟವು, ಮೂಳೆ ಹಲವು ಚೂರುಗಳಾಗಿ ಬಿರುಕುಗಳೆಲ್ಲ ಸೇರಿ 20 ಮಿಲಿಮೀಟರ್ ಆಗುವ ಮುರಿತದಲ್ಲಿ ಹಂಚಿಹೋದರೆ, ಶೇ. 2ಕ್ಕೆ ಇಳಿಯುತ್ತದೆ. ನಾನು ಮಾಡಿದ್ದು ಇಷ್ಟೇ: ಚೂರುಚೂರಾದ ಮುರಿತಕ್ಕೆ ಹೇಳಿಮಾಡಿಸಿದ ಸೇತುವೆಯಂಥ ಜೋಡಣೆಯನ್ನು, ಒಂದೇ ಗೆರೆಯ ಮುರಿತಕ್ಕೆ ಕೂರಿಸಿದ್ದೆ. ನೋಡಲು ಕಠಿಣವಾದ ಮುರಿತ ಸಲೀಸಾಗಿ ಕೂಡಿ, ಸುಲಭವಾಗಿ ಕಾಣುವ ಮುರಿತ ಹಟ ಹಿಡಿಯುವುದನ್ನು ಅದಕ್ಕೂ ಮೊದಲು ಹಲವು ಸಲ ಕಂಡಿದ್ದೆ. ಅದೃಷ್ಟವೆಂದು ಬಿಟ್ಟಿದ್ದ ಆ ಸಂಗತಿಗೆ ಇಂಥ ಸರಳ ಅಂಕಗಣಿತ ಆಧಾರವಾಗಿತ್ತೆಂಬುದು ಆಗ ಹೊಳೆಯಿತು. ಇನ್ನೂ ವಿಚಿತ್ರವೆಂದರೆ, ಬಿರುಕನ್ನು ಪೂರ್ತಿ ಮುಚ್ಚದೆ ಕಿರಿದು ಮಾಡಿದಷ್ಟೂ ಪರಿಸ್ಥಿತಿ ಹದಗೆಡುತ್ತದೆ, ಏಕೆಂದರೆ ಭಾಜಕ ಸಣ್ಣದಾಗುತ್ತದೆ. ದೇಹಕ್ಕೂ ಈ ಲೆಕ್ಕ ಗೊತ್ತಿದೆಯೋ ಎಂಬಂತೆ, ಮೊದಲ ವಾರಗಳಲ್ಲಿ ಅದು ಮೂಳೆಯ ತುದಿಗಳನ್ನು ತಾನೇ ಕರಗಿಸಿ ಬಿರುಕನ್ನು ಹಿಗ್ಗಿಸುತ್ತದೆ, ಸುತ್ತಲೂ ದಪ್ಪ ಕ್ಯಾಲಸ್, ಅಂದರೆ ಮುರಿತವನ್ನು ಬೆಸೆಯುವ ಹೊಸ ಅಂಗಾಂಶದ ಗಂಟು, ಕಟ್ಟಿ ಅಲುಗಾಟವನ್ನು ತಗ್ಗಿಸುತ್ತದೆ.

ಹಾಗಾದರೆ ಲೋಹ ಮುರಿದದ್ದೇಕೆ? ತಂತಿಯೊಂದನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ, ಒಮ್ಮೆಗೆ ಮುರಿಯಲು ಬೇಕಾದುದಕ್ಕಿಂತ ಬಹಳ ಕಡಿಮೆ ಬಲದಲ್ಲಿಯೇ ಅದು ತುಂಡಾಗುತ್ತದೆ. ಇದು ಲೋಹದ ದಣಿವು. ಸಾಮಾನ್ಯವಾಗಿ ಓಡಾಡಿಕೊಂಡಿರುವ ವ್ಯಕ್ತಿಯ ಒಂದೊಂದು ಕಾಲೂ ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆಜ್ಜೆಯ ಭಾರ ಹೊರುತ್ತದೆ. ಮೂಳೆ ಕೂಡಿದಂತೆಲ್ಲ ಭಾರದ ಪಾಲು ಮೂಳೆಗೆ ದಾಟಿ ಪ್ಲೇಟಿಗೆ ಬಿಡುವು ಸಿಗಬೇಕು. ಕೂಡದಿದ್ದರೆ ಇಡೀ ಭಾರವನ್ನು ಪ್ಲೇಟೇ ಹೊತ್ತು, ಅಡ್ಡಕೊಯ್ತ ಅತಿ ಕಡಿಮೆಯಿರುವ ಜಾಗದಲ್ಲಿ, ಅಂದರೆ ಖಾಲಿ ರಂಧ್ರದ ಅಂಚಿನಲ್ಲಿ, ಸೋಲುತ್ತದೆ. ಪ್ಲೇಟು ಮುರಿದಿದ್ದರಿಂದ ಮೂಳೆ ಕೂಡಲಿಲ್ಲ ಎಂದು ರೋಗಿಗಳು ಹೇಳುವುದುಂಟು, ನಾನೂ ಹಾಗೆಯೇ ಹೇಳಿಕೊಂಡಿದ್ದೆ. ನಡೆದದ್ದು ಇದಕ್ಕೆ ತಿರುಗುಮುರುಗು.

ಎರಡನೆಯ ಶಸ್ತ್ರಚಿಕಿತ್ಸೆಗೆ ನಾನು ಆರಿಸಿಕೊಂಡದ್ದು ಮೂಳೆಯ ಒಳಗಿನಿಂದ ಹಾಯುವ ಲೋಹದ ಸರಳು, ಅಂದರೆ ನೈಲು. ಪ್ಲೇಟು ಮೂಳೆಯ ಒಂದು ಮಗ್ಗುಲಲ್ಲಿ ಕುಳಿತು ಬಾಗುವಿಕೆಗೆ ಪಕ್ಕಾಗುತ್ತದೆ. ನೈಲು ಭಾರದ ಗೆರೆಗೆ ಸಮೀಪದಲ್ಲಿ, ನಡುವಿನಲ್ಲೇ ಇರುತ್ತದೆ. ಜೊತೆಗೆ ಗಟ್ಟಿ ದುಂಡು ಸರಳು ಬಾಗುವಿಕೆಯನ್ನು ಎದುರಿಸುವ ಶಕ್ತಿ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 9 ಮಿಲಿಮೀಟರ್ ಬದಲಿಗೆ 11 ಮಿಲಿಮೀಟರ್ ಸರಳು ಹಾಕಿದರೆ ಬಿಗಿತ ಇಮ್ಮಡಿಗಿಂತ ಹೆಚ್ಚಾಗುತ್ತದೆ. ಟೊಳ್ಳು ನೈಲಿನಲ್ಲಿ ಗೋಡೆಯ ದಪ್ಪವೂ ಲೆಕ್ಕಕ್ಕೆ ಬರುವುದರಿಂದ ಸಂಖ್ಯೆ ಬದಲಾಗುತ್ತದೆ, ಆದರೆ ದಿಕ್ಕು ಅದೇ. ಮುರಿದ ಪ್ಲೇಟನ್ನು ತೆಗೆದು, ಬಿರುಕಿನಲ್ಲಿ ತುಂಬಿಕೊಂಡಿದ್ದ ನಾರಿನಂಥ ಅಂಗಾಂಶವನ್ನು ಕೆರೆದು, ಮೂಳೆಯ ಒಳನಾಳವನ್ನು ಅರ್ಧರ್ಧ ಮಿಲಿಮೀಟರ್‌ನಂತೆ ಹಂತಹಂತವಾಗಿ ಕೊರೆದು ಹಿಗ್ಗಿಸಿದೆ. ನೈಲು ಕೂರಿಸಿ ಕೆಳತುದಿಯ ಸ್ಕ್ರೂಗಳನ್ನು ಮೊದಲು ಹಾಕಿದ ಮೇಲೆ, ನೈಲನ್ನು ಹಿಮ್ಮುಖವಾಗಿ ಹೊಡೆಯುತ್ತ ಕೆಳಗಿನ ತುಂಡನ್ನು ಮೇಲಿನದಕ್ಕೆ ಒತ್ತಿ, ಎಕ್ಸ್‌ರೇ ಪರದೆಯ ಮೇಲೆ ಬಿರುಕು ಮರೆಯಾಗುವುದನ್ನು ಕಂಡ ಬಳಿಕವೇ ಮೇಲಿನ ಸ್ಕ್ರೂಗಳನ್ನು ಬಿಗಿದೆ.

ಒಳನಾಳವನ್ನು ಕೊರೆಯುವಾಗ ನನಗೆ ಅಳುಕಿತ್ತು. ಉದ್ದಮೂಳೆಯ ಗೋಡೆಯ ಒಳಗಿನ ಮೂರನೆಯ ಎರಡು ಭಾಗಕ್ಕೆ ರಕ್ತ ಬರುವುದು ಆ ನಾಳದ ಕಡೆಯಿಂದಲೇ. ಕೊರೆದರೆ ಅದು ಕೆಲಕಾಲ ನಿಲ್ಲುತ್ತದೆ. ಆದರೆ ಮೂಳೆಯ ಹೊರಪೊರೆ ಮತ್ತು ಸುತ್ತಲ ಸ್ನಾಯುಗಳಿಂದ ಬರುವ ರಕ್ತ ಆಗ ಹೆಚ್ಚಿ ಆ ಕೊರತೆಯನ್ನು ತುಂಬುತ್ತದೆ, ಕೊರೆದ ಮೂಳೆಯ ಪುಡಿಯೂ ಬಿರುಕಿನ ಸುತ್ತ ಕಸಿಯಂತೆ ಕೆಲಸ ಮಾಡುತ್ತದೆ. ಖನಿಜವನ್ನು ಕರಗಿಸಿ ತೆಗೆದ ಮೂಳೆಯನ್ನು ಸ್ನಾಯುವಿನೊಳಗೆ ಇಟ್ಟರೂ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆಂದು ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದ್ದರು. ಮೂಳೆಯೊಳಗೆ ಮೂಳೆಯನ್ನು ಹುಟ್ಟಿಸುವ ಪ್ರೋಟೀನುಗಳಿವೆ ಎಂಬ ತಿಳಿವು ಅಲ್ಲಿಂದ ಬೆಳೆದುಬಂದದ್ದು. ಹೊರಪೊರೆಯನ್ನೂ ನಾನು ಸುಲಿದುಹಾಕಿದ್ದರೆ ಈ ವಾದ ಯಾವುದೂ ನಿಲ್ಲುತ್ತಿರಲಿಲ್ಲ. ಆದ್ದರಿಂದ ಪ್ಲೇಟು ತೆಗೆಯುವಾಗ, ಹಳೆಯ ಗಾಯದ ಗೆರೆಯಲ್ಲೇ ಹೋಗಿ, ಮೂಳೆಗೆ ಅಂಟಿದ್ದ ಸ್ನಾಯುವನ್ನು ಬೇಕಾದಷ್ಟೇ ಬಿಡಿಸಿದೆ. ಐದನೆಯ ತಿಂಗಳಲ್ಲಿ ಆ ಮುರಿತ ಕೂಡಿತ್ತು.

ಇಲ್ಲಿಗೆ ಬುದ್ಧಿ ಬಂದಿತೆಂದುಕೊಂಡೆ. ಅಲುಗಾಟವೇ ಶತ್ರುವೆಂಬ ಪಾಠವನ್ನು ಅತಿಯಾಗಿ ಕಲಿತದ್ದರ ಫಲ ಎರಡು ವರ್ಷದ ಬಳಿಕ ಕಂಡಿತು. ಮೊಣಕಾಲಿನ ಮೇಲ್ಗಡೆ ತೊಡೆಮೂಳೆ ಪುಡಿಯಾಗಿದ್ದ ರೋಗಿಯೊಬ್ಬರಿಗೆ ಲಾಕಿಂಗ್ ಪ್ಲೇಟು ಹಾಕಿ, ಮುರಿತಕ್ಕೆ ಒತ್ತಿಕೊಂಡಂತಿದ್ದ ರಂಧ್ರಗಳೂ ಸೇರಿದಂತೆ, ಸಿಕ್ಕ ರಂಧ್ರಕ್ಕೆಲ್ಲ ಸ್ಕ್ರೂ ತುಂಬಿದೆ. ಮೂರು ತಿಂಗಳಾದರೂ ಪ್ಲೇಟಿನ ಕಡೆ ಕ್ಯಾಲಸ್‌ನ ಸುಳಿವೂ ಇರಲಿಲ್ಲ. ಚೂರಾದ ಮುರಿತವನ್ನು ಒತ್ತಿ ಮುಚ್ಚಲಾಗದು, ಅದು ಕ್ಯಾಲಸ್ ಮೂಲಕವೇ ಕೂಡಬೇಕು, ಕ್ಯಾಲಸ್ ಹುಟ್ಟಲು ಒಂದಿಷ್ಟು ಅಲುಗಾಟ ಬೇಕೇ ಬೇಕು. ನಾನು ಅದನ್ನೂ ಕಿತ್ತುಕೊಂಡಿದ್ದೆ. ಮುರಿತದ ಎರಡು ಬದಿಯಲ್ಲಿ ಅದಕ್ಕೆ ಅತಿ ಹತ್ತಿರವಿರುವ ಸ್ಕ್ರೂಗಳ ನಡುವಿನ ದೂರ ಹೆಚ್ಚಿದಷ್ಟೂ ಪ್ಲೇಟು ಮೆತ್ತಗೆ ಬಾಗುತ್ತದೆ, ಎಳೆತವೂ ಒಂದೇ ರಂಧ್ರದಲ್ಲಿ ಕೇಂದ್ರೀಕರಿಸದೆ ಹರಡಿಕೊಳ್ಳುತ್ತದೆ. ಸಣ್ಣ ಗಾಯ ಮಾಡಿ ಮುರಿತದ ಸಮೀಪದ ಎರಡು ಸ್ಕ್ರೂಗಳನ್ನು ತೆಗೆದೆ. ಎಂಟು ವಾರಗಳ ನಂತರದ ಎಕ್ಸ್‌ರೇಯಲ್ಲಿ ಮೋಡದಂಥ ಕ್ಯಾಲಸ್ ಕಂಡಾಗ ನನಗಾದ ನಿರಾಳವನ್ನು ಇಲ್ಲಿ ವರ್ಣಿಸುವುದಿಲ್ಲ.

ಚೂರಾದ ಮುರಿತಕ್ಕೆ ಮುರಿತದ ಉದ್ದದ ಎರಡು ಮೂರು ಪಟ್ಟು, ಒಂದೇ ಗೆರೆಯ ಮುರಿತಕ್ಕೆ ಎಂಟು ಹತ್ತು ಪಟ್ಟು ಉದ್ದದ ಪ್ಲೇಟು, ರಂಧ್ರಗಳಲ್ಲಿ ಅರ್ಧಕ್ಕಿಂತ ಕಡಿಮೆ ರಂಧ್ರಗಳಿಗೆ ಸ್ಕ್ರೂ ಎಂಬ ನಿಯಮ ಪ್ರಚಲಿತವಾಗಿದೆ. ನಾನೂ ಅದನ್ನು ಅನುಸರಿಸುತ್ತೇನೆ, ಆದರೆ ಅದನ್ನು ಅಳತೆಗೋಲೆಂದಲ್ಲ, ಅತಿರೇಕಗಳಿಂದ ತಡೆಯುವ ಬೇಲಿಯೆಂದು ತಿಳಿದಿದ್ದೇನೆ.

ಒಂದೇ ಗೆರೆಯ ಮುರಿತಕ್ಕೆ ಪ್ಲೇಟನ್ನೇ ಹಾಕಬೇಕಾಗಿ ಬಂದಾಗ ಈಗ ಬಿರುಕನ್ನು ಉಳಿಸುವುದಿಲ್ಲ. ಮುರಿತದ ಗೆರೆಗೆ ಲಂಬವಾಗಿ, ಹತ್ತಿರದ ಗೋಡೆಯಲ್ಲಿ 4.5 ಮಿಲಿಮೀಟರ್ ರಂಧ್ರವನ್ನೂ ದೂರದ ಗೋಡೆಯಲ್ಲಿ 3.2 ಮಿಲಿಮೀಟರ್ ರಂಧ್ರವನ್ನೂ ಕೊರೆದು 4.5 ಮಿಲಿಮೀಟರ್ ಸ್ಕ್ರೂ ತಿರುಗಿಸಿದರೆ, ಅದು ಹತ್ತಿರದ ಗೋಡೆಯಲ್ಲಿ ಜಾರಿ ದೂರದ ಗೋಡೆಯನ್ನು ಮಾತ್ರ ಕಚ್ಚಿ ಎರಡು ತುಂಡುಗಳನ್ನು ಒಂದಕ್ಕೊಂದು ಹಿಂಡುತ್ತದೆ. ಹೀಗೆ ಅಲುಗಾಟವೇ ಇಲ್ಲದಂತಾದಾಗ ಮೂಳೆಯನ್ನು ತಿನ್ನುವ ಕೋಶಗಳು ಮುಂದೆ, ಕಟ್ಟುವ ಕೋಶಗಳು ಹಿಂದೆ ಸಾಗುತ್ತ ಒಂದು ತುಂಡಿನಿಂದ ಇನ್ನೊಂದಕ್ಕೆ ನೇರವಾಗಿ ಸುರಂಗ ಕೊರೆದು ಮೂಳೆಯನ್ನು ಬೆಸೆಯುತ್ತವೆ, ಕ್ಯಾಲಸ್ ಕಾಣಿಸದು. ಹೀಗೆ ಹಿಂಡಿ ಜೋಡಿಸಿದ ಮುರಿತದಲ್ಲಿ ಆರನೆಯ ವಾರ ಕ್ಯಾಲಸ್ ಕಂಡರೆ ನಾನು ಸಂತೋಷಪಡುವುದಿಲ್ಲ, ಸ್ಕ್ರೂ ಸಡಿಲಗೊಂಡಿದೆಯೇ ಎಂದು ಹುಡುಕುತ್ತೇನೆ. ನೈಲು ಹಾಕಿದ ಮುರಿತದಲ್ಲಿ ಅದೇ ಕ್ಯಾಲಸ್ ಕಾಣದಿದ್ದರೆ ಚಿಂತಿಸುತ್ತೇನೆ. ಕಿರಿಯ ವೈದ್ಯರು ತಡವರಿಸುವುದು ಹೆಚ್ಚಾಗಿ ಇಲ್ಲಿಯೇ.

ಡ್ರಿಲ್ಲಿನ ಬಿಸಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮೂಳೆಯ ಉಷ್ಣತೆ 47 ಡಿಗ್ರಿ ಸೆಲ್ಸಿಯಸ್‌ಗೇರಿ ಒಂದು ನಿಮಿಷ ನಿಂತರೆ ಅಲ್ಲಿಯ ಜೀವಕೋಶಗಳು ಸಾಯುತ್ತವೆ. ಸತ್ತ ಮೂಳೆ ಸ್ಕ್ರೂವನ್ನು ಮೊದಲ ದಿನ ಗಟ್ಟಿಯಾಗಿಯೇ ಹಿಡಿದಿರುತ್ತದೆ. ಮೋಸ ಗೊತ್ತಾಗುವುದು ವಾರಗಳ ನಂತರ, ಸುತ್ತಲ ಮೂಳೆ ಕರಗಿ ಸ್ಕ್ರೂ ಸಡಿಲವಾದಾಗ. ಮೊಂಡಾದ ಡ್ರಿಲ್ ಬಿಟ್ಟನ್ನು ಬಲ ಹಾಕಿ ಒತ್ತುವ ಚಟ ನನಗೂ ಇತ್ತು. ಈಗ ಹರಿತವಾದ ಬಿಟ್ಟನ್ನೇ ಕೇಳಿ ಪಡೆಯುತ್ತೇನೆ, ಸಹಾಯಕರು ತಣ್ಣನೆಯ ಸಲೈನನ್ನು ರಂಧ್ರದ ಬಾಯಿಗೆ ಬಿಡುತ್ತಲೇ ಇರುತ್ತಾರೆ, ದಪ್ಪ ಮೂಳೆಯಾದರೆ ನಡುವೆ ಬಿಟ್ಟನ್ನು ಹೊರತೆಗೆದು ಅದರ ಸುರುಳಿ ತೋಡಿನಲ್ಲಿ ತುಂಬಿದ ಪುಡಿಯನ್ನು ಒರೆಸಿ ಮುಂದುವರಿಯುತ್ತೇನೆ. ಒಂದು ರಂಧ್ರಕ್ಕೆ ಇದರಿಂದ ಹೆಚ್ಚಾಗುವ ಸಮಯ ಕೆಲವೇ ಸೆಕೆಂಡುಗಳು.

ಈಗ ಪ್ರತಿ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಎಕ್ಸ್‌ರೇಯ ಮೇಲೆ ಪಾರದರ್ಶಕ ಹಾಳೆ ಇಟ್ಟು ಮೂಳೆಯ ಗೆರೆಗಳನ್ನು ಎಳೆದು, ಎಲ್ಲಿ ಹಿಂಡುತ್ತೇನೆ, ಎಲ್ಲಿ ಅಲುಗಲು ಬಿಡುತ್ತೇನೆ ಎಂದು ಬರೆದಿಡುತ್ತೇನೆ. ಈ ಎರಡರ ನಡುವೆ ಬೀಳುವ ಮುರಿತಗಳು ಇಂದಿಗೂ ನನ್ನನ್ನು ಕಾಡುತ್ತವೆ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಪಾದದ ಸಮೀಪ ಸುರುಳಿಯಾಗಿ ಮುರಿದಾಗ, ಒಂದು ಸ್ಕ್ರೂವಿನಿಂದ ಹಿಂಡಿ, ಅದರ ಮೇಲೆ ಮೆತ್ತಗೆ ಬಾಗುವ ಉದ್ದನೆಯ ಪ್ಲೇಟು ಹಾಕಬಹುದೇ ಎಂಬುದು ಅಂಥ ಒಂದು ಪ್ರಶ್ನೆ. ಪ್ಲೇಟು ಬಾಗಿದರೆ ಆ ಒಂಟಿ ಸ್ಕ್ರೂ ಹಿಡಿತ ಕಳೆದುಕೊಳ್ಳುತ್ತದೆ, ಆಗ ಉಳಿಯುವುದು ನನ್ನ ಮೊದಲ ರೋಗಿಗೆ ಉಳಿದಂಥದೇ ಸಣ್ಣ ಬಿರುಕು. ಹಿಂದೆ ಈ ಬೆರಕೆಯನ್ನು ಮಾಡುತ್ತಲೇ ಇರಲಿಲ್ಲ. ಈಗ, ತುದಿಗಳು ಕೂದಲೆಳೆಯಷ್ಟೂ ತೆರವಿಲ್ಲದೆ ಕೂತಿವೆಯೆಂದು ಪರದೆಯ ಮೇಲೆ ಎರಡು ಕೋನಗಳಿಂದ ಖಚಿತವಾದರೆ ಮಾತ್ರ ಹಿಂಡುವ ಸ್ಕ್ರೂ ಹಾಕಿ, ಪ್ಲೇಟಿನ ಸ್ಕ್ರೂಗಳನ್ನು ಮುರಿತಕ್ಕೆ ಹತ್ತಿರ ತಂದು ಬಿಗಿಗೊಳಿಸುತ್ತೇನೆ. ಇಲ್ಲವಾದರೆ ಆ ಸ್ಕ್ರೂವನ್ನು ಹೊರತೆಗೆದು, ಕ್ಯಾಲಸ್‌ಗಾಗಿ ಕಾಯುವ ದಾರಿ ಹಿಡಿಯುತ್ತೇನೆ.