ಕುರ್ಚಿ ಕುಸಿದ ಮೇಲೆ ಕಲಿತ ಹುಡುಕಾಟ

ದಿನವಿಡೀ ಕೂತು ಮಾಡುವ ಕೆಲಸ ನನ್ನದು. ಒಂದು ಒಳ್ಳೆ ಕುರ್ಚಿ ಬೇಕಿತ್ತು. ಹುಡುಕುವ ಮೊದಲೇ ಫೋನಿನಲ್ಲಿ ರೀಲ್ ಬಂತು. ಯಾರೋ ಒಬ್ಬರು ಪೆಟ್ಟಿಗೆ ಬಿಚ್ಚಿ, ಕುರ್ಚಿ ಜೋಡಿಸಿ, ಒರಗಿ ಕೂತು "ಬೆನ್ನುನೋವೇ ಹೋಯ್ತು" ಅಂದರು. ಕೆಳಗೆ ಸಾಲು ಸಾಲು "ಸೂಪರ್". ತರಿಸಿಬಿಟ್ಟೆ.

ಮೂರನೇ ತಿಂಗಳಿಗೆ ಕುರ್ಚಿ ಕುಸಿಯತೊಡಗಿತು. ಎತ್ತರಿಸಿ ಕೂತ ಹತ್ತೇ ನಿಮಿಷಕ್ಕೆ ಗಲ್ಲ ಮೇಜಿನ ಮಟ್ಟಕ್ಕೆ! ವಿಡಿಯೋ ಕಾಲ್‌ನಲ್ಲಿ ನಾನು ನಿಧಾನವಾಗಿ ಮುಳುಗುತ್ತಿದ್ದೆನಂತೆ. ಆ ರೀಲ್ ಮತ್ತೆ ತೆಗೆದು ನೋಡಿದೆ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ 'ಪೇಯ್ಡ್ ಪಾರ್ಟ್‌ನರ್‌ಶಿಪ್' ಅಂತಿತ್ತು, ಅಂದರೆ ದುಡ್ಡು ಪಡೆದು ಮಾಡಿದ ಪ್ರಚಾರ. ಹಾಗಂತ ಅವರು ಸುಳ್ಳು ಹೇಳಿರಲಿಲ್ಲ. ಪೆಟ್ಟಿಗೆ ಬಿಚ್ಚಿದ ದಿನವೇ ಯಾವ ಕುರ್ಚಿ ಕುಸಿಯುತ್ತದೆ ಹೇಳಿ?

ಸರಿ, ಸರ್ಚ್ ಎಂಜಿನ್ನೇ ಗತಿ ಅಂದುಕೊಂಡು 'ಹತ್ತು ಅತ್ಯುತ್ತಮ ಕುರ್ಚಿಗಳು' ಹುಡುಕಿದೆ. ನಾಲ್ಕು ಪಟ್ಟಿ ಓದಿದೆ. ನಾಲ್ಕರಲ್ಲೂ ಅವೇ ಕುರ್ಚಿಗಳು, ತಯಾರಕರು ಕೊಟ್ಟ ಅವೇ ಫೋಟೋಗಳು. ಬರೆದವರು ಒಂದರಲ್ಲೂ ಕೂತ ಹಾಗೆ ಕಾಣಲಿಲ್ಲ. ಈ ಲಿಂಕ್‌ನಿಂದ ಕೊಂಡರೆ ನಮಗೆ ಕಮಿಷನ್ ಬರುತ್ತದೆ ಅಂತ ಪುಟದ ತಳದಲ್ಲೊಂದು ಸಾಲು. 1998ರಲ್ಲಿ ಗೂಗಲ್ ಶುರುವಾದಾಗ, ಒಂದು ಪುಟಕ್ಕೆ ಬೇರೆ ಪುಟ ಲಿಂಕ್ ಕೊಟ್ಟರೆ ಅದು ಓಟಿದ್ದ ಹಾಗೆ, ಓಟು ಹೆಚ್ಚಿದಷ್ಟೂ ಪುಟ ಮೇಲಕ್ಕೆ ಅನ್ನುವುದು ಅದರ ಮೂಲ ಲೆಕ್ಕ. ಓಟು ಅಂದ ಮೇಲೆ ಕೊಳ್ಳುವವರೂ ಹುಟ್ಟಿಕೊಳ್ಳುತ್ತಾರೆ, ಅಲ್ವಾ?

ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆ. 'ಯಾವುದು ಚೆನ್ನ' ಅನ್ನುವುದನ್ನು ಬಿಟ್ಟು, ಅದೇ ಹೆಸರಿರುವ ಪುಟಗಳೇ ಬರಲಿ ಅಂತ ಮಾಡೆಲ್ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಪಕ್ಕದಲ್ಲಿ 'ತಾನಾಗಿ ಇಳಿಯುತ್ತದೆ' ಅಂತ ಬರೆದೆ. ಬಂದದ್ದೇ ಬೇರೆ ಪುಟಗಳು. ಸೀಟನ್ನು ಎತ್ತಿ ಹಿಡಿಯುವುದು ಅದರ ಕೆಳಗಿನ ಗ್ಯಾಸ್ ಸಿಲಿಂಡರ್, ಅಂದರೆ ಒತ್ತಡದ ಅನಿಲ ತುಂಬಿದ ಕೊಳವೆ; ಅದರ ಸೀಲ್ ಸವೆದರೆ ಒತ್ತಡ ನಿಲ್ಲುವುದಿಲ್ಲ. ಸಿಲಿಂಡರ್ ಒಂದನ್ನೇ ಬದಲಿಸಬಹುದು, ಹೆಚ್ಚಿನ ಕುರ್ಚಿಗಳಿಗೆ ಅಳತೆಯೂ ಒಂದೇ. ಇದನ್ನೆಲ್ಲ ಬರೆದವರಿಗೆ ನನಗೆ ಏನೂ ಮಾರಬೇಕಿರಲಿಲ್ಲ.

ಸೋಶಿಯಲ್ ಮೀಡಿಯಾದಲ್ಲೂ ಹಾಗೇ ಕೇಳಿದೆ: "ಇದರಲ್ಲಿ ಎರಡು ವರ್ಷ ಕೂತವರು ಇದ್ದೀರಾ? ಮೊದಲು ಕೆಟ್ಟದ್ದು ಏನು?" ಸೂಪರ್ ಅಂದವರೆಲ್ಲ ಸುಮ್ನಾದರು. ಉತ್ತರ ಬಂದದ್ದು ಮೂರೇ. ಒಬ್ಬರು ಫೋಟೋ ಹಾಕಿದ್ದರು: "ಸಿಲಿಂಡರ್ ಬದಲಿಸಿ, ಸರಿಹೋಗುತ್ತೆ. ಆದ್ರೆ ಮುಂದೆ ಕೈ ಇಡೋ ಜಾಗ ಹೀಗಾಗುತ್ತೆ." ರೆಕ್ಸಿನ್ ಸಿಪ್ಪೆಯ ಹಾಗೆ ಎದ್ದಿತ್ತು.

ಹಳೇ ಸಿಲಿಂಡರ್ ಬಿಗಿಯಾಗಿ ಕಚ್ಚಿಕೊಂಡಿತ್ತು. ಕುರ್ಚಿ ಮಗುಚಿ ಸುತ್ತಿಗೆಯಲ್ಲಿ ಬಡಿದು ಬಡಿದು ಬಿಡಿಸಿದೆ. ಹೊಸದು ಇನ್ನೂ ಕುಸಿದಿಲ್ಲ. ಬಲಗೈ ಕಡೆಯ ರೆಕ್ಸಿನ್ ಮಾತ್ರ ಹೋದ ವಾರದಿಂದ ಏಳುತ್ತಿದೆ, ಥೇಟ್ ಆ ಫೋಟೋದಲ್ಲಿದ್ದ ಜಾಗದಲ್ಲೇ.