ಒಂದು ಬಿಟ್ ನೆನಪಿಡುವ ಇ. ಕೋಲೈ: ಕೊನೆಗೂ ನಿಂತ ಟಾಗಲ್ ಸ್ವಿಚ್

ಜೀನುಗಳನ್ನು ಅದುಮುವ ಪ್ರೋಟೀನುಗಳು (ರಿಪ್ರೆಸರ್) ಲ್ಯಾಕ್-ಐ, ಟೆಟ್-ಆರ್. ಇವೆರಡನ್ನೂ ಇ. ಕೋಲೈ ಬ್ಯಾಕ್ಟೀರಿಯಾದ ಒಂದೇ ಪ್ಲಾಸ್ಮಿಡ್‌ನಲ್ಲಿ (ಪುಟ್ಟ ಡಿಎನ್‌ಎ ಉಂಗುರ) ಒಂದನ್ನೊಂದು ಅದುಮುವಂತೆ ಕೂರಿಸಿದ ಟಾಗಲ್ ಸ್ವಿಚ್ ಒಂದು ಕಡೆಗೆ ವಾಲಿಬಿಡುತ್ತೆ ಅಂದವರೇ ಹೆಚ್ಚು. ವಾಲಿದ್ದು ನಿಜ. ಈಗಿನದು ಮಾತ್ರ ಇಂಡ್ಯೂಸರ್ (ರಿಪ್ರೆಸರಿನ ಹಿಡಿತ ಸಡಿಲಿಸುವ ರಾಸಾಯನಿಕ) ತೆಗೆದು ಹತ್ತು ದಿನ, ಅಂದರೆ ಸುಮಾರು ನೂರು ತಲೆಮಾರು ಕಳೆದರೂ ಇಟ್ಟ ಕಡೆಯೇ ಇದೆ. 2000ರಲ್ಲಿ ಗಾರ್ಡನರ್, ಕ್ಯಾಂಟರ್, ಕಾಲಿನ್ಸ್ ತೋರಿಸಿದ ವಿನ್ಯಾಸವೇ. ಕಷ್ಟವೆಲ್ಲ ತೂಕ ಹೊಂದಿಸುವುದರಲ್ಲಿ.

ಪ್ಲಾಸ್ಮಿಡ್ಡಿನ ನಕಲು ಶುರುವಾಗುವ ಜಾಗ ಪಿ15ಎ ಒರಿಜಿನ್. ಟೆಟ್-ಆರ್ ಅದುಮುವ ಟೆಟ್ ಪ್ರೊಮೋಟರ್ (ಜೀನಿನ ಓದು ಶುರುಮಾಡಿಸುವ ತುಂಡು) ಕೆಳಗೆ ಲ್ಯಾಕ್-ಐ. ಲ್ಯಾಕ್-ಐ ಅದುಮುವ ಟ್ರಕ್ (trc) ಪ್ರೊಮೋಟರ್ ಕೆಳಗೆ ಟೆಟ್-ಆರ್, ಅದರ ಬೆನ್ನಿಗೆ ಹಸಿರು ಹೊಳೆಯುವ ಪ್ರೋಟೀನ್ ಜಿಎಫ್‌ಪಿ. ಲ್ಯಾಕ್-ಐಯನ್ನು ಸಡಿಲಿಸುವ ಐಪಿಟಿಜಿ ಕೊಟ್ಟರೆ ಹಸಿರು, ಟೆಟ್-ಆರನ್ನು ಸಡಿಲಿಸುವ ಎಟಿಸಿ ಕೊಟ್ಟರೆ ಕತ್ತಲು.

ಮೊದಲನೆಯದು ಏನು ಮಾಡಿದರೂ ಹಸಿರಿಗೇ ಮರಳುತ್ತಿತ್ತು. ಟೆಟ್-ಆರ್ ಹಿಡಿತ ಬಿಗಿ, ಸೋರಿ ತಯಾರಾದ ಚೂರೇ ಲ್ಯಾಕ್-ಐ ಅದುಮಲು ಸಾಕು. ಪ್ರೊಮೋಟರ್ ಬದಲಿಸಲು ಹೋಗಿ ಡಿಎನ್‌ಎಯನ್ನು ಎರಡು ಸಲ ಹೊಸದಾಗಿ ಮಾಡಿಸಿದೆ. ಅರ್ಧ ಬಜೆಟ್ ಅಲ್ಲೇ ಹೋಯ್ತು, ಸ್ವಿಚ್ ಈ ಸಲ ಕತ್ತಲಿಗೆ ವಾಲಿತು. ಮುಟ್ಟಬೇಕಾದ್ದು ಟೆಟ್-ಆರ್‌ನ ಆರ್‌ಬಿಎಸ್ (ಪ್ರೋಟೀನ್ ಕಟ್ಟುವ ರೈಬೋಸೋಮ್ ಬಂದು ಕೂರುವ ಜಾಗ). ಅದರೊಳಗಿನ ಶೈನ್-ಡಾಲ್ಗಾರ್ನೋ ಜಾಗದ ಮೂರು ಅಕ್ಷರಗಳನ್ನು ಪ್ರೈಮರ್‌ನಲ್ಲೇ (ನಕಲು ಶುರುಮಾಡಿಸುವ ಡಿಎನ್‌ಎ ಚೂರು) 'ಎನ್', ಅಂದರೆ ನಾಲ್ಕರಲ್ಲಿ ಯಾವುದಾದರೂ ಅಕ್ಷರ, ಮಾಡಿದರೆ 64 ಬಗೆ, ಖರ್ಚು ಒಂದು ಪ್ರೈಮರಿನದ್ದು. ತೊಂಬತ್ತರಷ್ಟು ಕಾಲೊನಿ ಆರಿಸಿದ್ದರಲ್ಲಿ ಎರಡೂ ಸ್ಥಿತಿ ಹಿಡಿದವು ನಾಲ್ಕೋ ಐದೋ. ಗೆದ್ದ ಮೂರಕ್ಷರ ಈಗಲೇ ಹೇಳಲ್ಲ. ಅಂದುಕೊಂಡಿದ್ದಕ್ಕಿಂತ ಬಹಳ ದುರ್ಬಲ ಅಂತಷ್ಟೇ ತಿಳಿಯಿರಿ.

ಪರೀಕ್ಷೆಗೆ ಕೋಶ ಬೆಳೆಸುವ ದ್ರವ ಎಂ9, 0.4% ಗ್ಲಿಸರಾಲ್, 0.2% ಕ್ಯಾಸಮಿನೊ ಆಮ್ಲ. ಮಾಮೂಲಿ ದ್ರವ ಎಲ್‌ಬಿ ತಾನೇ ಮಿನುಗುವುದರಿಂದ ಬೇಡ. ಐಪಿಟಿಜಿ 1 ಮಿಲಿಮೋಲಾರ್, ಅಥವಾ ಎಟಿಸಿ ಮಿಲಿಲೀಟರಿಗೆ 100 ನ್ಯಾನೊಗ್ರಾಂ (ಬೆಳಕಿಗೆ ಕೆಡುತ್ತೆ, ಫಾಯಿಲ್ ಸುತ್ತಿ), 37 ಡಿಗ್ರಿಯಲ್ಲಿ ಐದಾರು ಗಂಟೆ. ಆಮೇಲೆ ಎರಡು ಸಲ ತೊಳೆಯಬೇಕು. ಐಪಿಟಿಜಿಯನ್ನು ಕೋಶ ಅರಗಿಸಿಕೊಳ್ಳಲ್ಲ, ಒಂದೇ ತೊಳೆತಕ್ಕೆ ಉಳಿದದ್ದು ನೆನಪಿನಂತೆ ನಟಿಸುತ್ತೆ. ದಿನಾ 1:1000 ತೆಳುಗೊಳಿಸಿ ಬೆಳೆಸಿದರೆ ಹತ್ತು ಇಮ್ಮಡಿ, ಅಂದರೆ ಹತ್ತು ತಲೆಮಾರು. ಎಟಿಸಿ ಕೊಟ್ಟ ಕೂಡಲೇ ಕತ್ತಲಾಗಲಿಲ್ಲ ಅಂತ ಎಸೆಯಬೇಡಿ. ಬೇಗ ಕರಗಿಸುವ ಟ್ಯಾಗ್ ಇಲ್ಲದ ಜಿಎಫ್‌ಪಿ ಬಾಳಿಕೆಯದ್ದು, ಪ್ರತಿ ವಿಭಜನೆಗೆ ಅರ್ಧವಾಗುತ್ತೆ, ನೂರರಲ್ಲೊಂದು ಪಾಲಿಗೆ ಇಳಿಯಲು ಆರೇಳು ವಿಭಜನೆ ಬೇಕು.

ಎಲ್ಲ ಕೋಶಗಳ ಒಟ್ಟು ಹೊಳಪು ಅಳೆಯುವ ಪ್ಲೇಟ್ ರೀಡರ್ ಒಂದನ್ನೇ ನಂಬಿದ್ದು ದೊಡ್ಡ ತಪ್ಪು. ಅದು ಅರ್ಧ ಹೊಳಪು ತೋರಿಸಿದಾಗ ಎಲ್ಲ ಕೋಶಗಳೂ ಮಂಕಾಗಿರಬಹುದು, ಇಲ್ಲವೇ ಅರ್ಧದಷ್ಟು ಕೋಶ ಪೂರಾ ಹಸಿರಿರಬಹುದು. ಒಂದೊಂದೇ ಕೋಶ ಅಳೆಯುವ ಫ್ಲೋ ಸೈಟೊಮೀಟರ್ ಗಂಟೆ ಲೆಕ್ಕದಲ್ಲಿ ದುಡ್ಡು ನುಂಗುತ್ತೆ, ಆದರೂ ಬೇರೆ ದಾರಿಯಿಲ್ಲ. ಅಲ್ಲೂ ಮೋಸ ಹೋದೆ: ಕಡಿಮೆ ಐಪಿಟಿಜಿಯಲ್ಲಿ ಹಸಿರು, ಕತ್ತಲ ಕೋಶಗಳ ಚೆಂದದ ಎರಡು ಗುಡ್ಡೆ ಕಂಡವು, ಅದು ನನ್ನ ಸ್ವಿಚ್ಚಿನದಲ್ಲ. ತಳಿಯಲ್ಲಿ ಪರ್ಮಿಯೇಸ್ ಪ್ರೋಟೀನ್ ಮಾಡುವ ಲ್ಯಾಕ್-ವೈ ಜೀನ್ ಉಳಿದಿದ್ದರಿಂದ, ಒಳಬಂದ ಐಪಿಟಿಜಿ ತನ್ನನ್ನು ಎಳೆದುಕೊಳ್ಳುವ ಪರ್ಮಿಯೇಸನ್ನೇ ಹೆಚ್ಚಿಸಿಕೊಳ್ಳುತ್ತಿತ್ತು. ಬ್ಯಾಕ್ಟೀರಿಯಾದ ಸ್ವಂತ ಲ್ಯಾಕ್-ಐ ಜೊತೆ ಲ್ಯಾಕ್-ವೈಯನ್ನೂ ತೆಗೆದ ತಳಿಯಲ್ಲೇ ಅಳೆಯಿರಿ.

ಆರನೇ ದಿನ ಐಪಿಟಿಜಿಗೂ ಜಗ್ಗದ ಕತ್ತಲ ಗುಂಪೊಂದು ಎದ್ದಿತು. ಎರಡೂ ಜೀನಿಗೆ ಒಂದೇ ಬಗೆಯ ಟರ್ಮಿನೇಟರ್ (ಜೀನಿನ ಓದು ನಿಲ್ಲಿಸುವ ತುಂಡು) ಹಾಕಿದ್ದೆ. ಎರಡು ಪ್ರತಿಗಳ ನಡುವಿನ ತುಂಡು ರೀಕಾಂಬಿನೇಷನ್‌ನಲ್ಲಿ (ಒಂದೇ ತರದ ಡಿಎನ್‌ಎ ತುಂಡುಗಳು ಬೆಸೆದುಕೊಳ್ಳುವುದು) ಹಾರಿಹೋಗಿತ್ತು, ಹೊರೆ ಇಳಿಸಿಕೊಂಡ ಕೋಶಗಳು ಉಳಿದವನ್ನು ಹಿಂದೆ ಹಾಕಿದ್ದವು. ಒಂದು ಟರ್ಮಿನೇಟರ್ ಬದಲಿಸಿದ್ದೇ ತಡ, ಗುಂಪು ಮಾಯ.

ನಡುವೆ ಎರಡೂ ಆಪರೇಟರ್‌ಗಳನ್ನು (ರಿಪ್ರೆಸರ್ ಬಂದು ಕೂರುವ ಜಾಗ) ಒಂದೇ ಪ್ರೊಮೋಟರಿಗೆ ಪೋಣಿಸಿ, ಎರಡೂ ಇಂಡ್ಯೂಸರ್ ಇದ್ದರಷ್ಟೇ ಹೊಳೆಯಬೇಕಾದ 'ಆಂಡ್' ಗೇಟ್ ಸಹ ಮಾಡಿ ನೋಡಿದೆ. ಎಟಿಸಿ ಒಂದನ್ನೇ ಕೊಟ್ಟಾಗ ಪೂರ್ಣ ಹೊಳಪಿನ ಐದನೇ ಒಂದರಷ್ಟು ಸೋರುತ್ತೆ. ಲ್ಯಾಕ್ ಆಪರೇಟರನ್ನು ಪ್ರೊಮೋಟರಿನ ಎರಡು ಮುಖ್ಯ ಭಾಗಗಳಾದ -35, -10ರ ನಡುವೆ ತಂದು ಮತ್ತೆ ಅಳೆಯುವುದು ಬಾಕಿ.